ಬರತಕ್ಕ ಬಾಬ್ತು

ಕುಂಬಳೆಯ ಹಳಿಗಳಾಚೆ, ಒಂದು ಕಾಲಕ್ಕೆ ಒಣಮೀನಿನ ಗೋದಾಮು.
ಸೆಕೆ ಏರಿದರೆ ಈಗಲೂ ಗೋಡೆಗೆ ಅದೇ ನೆನಪು.
ಅಲ್ಲಿ ಕುಣಿಯುವ ಮಕ್ಕಳಿಗೆ ನಾನು ಖಜಾಂಚಿ.
ಕುಣಿತ ನನಗೆ ತಿಳಿಯದು. ಸಹಕಾರಿ ಬ್ಯಾಂಕಿನ ಸಾಲದ ಕೌಂಟರಿನಲ್ಲಿ
ಮೂವತ್ತೊಂದು ವರ್ಷ ಕೂತ ಸೊಂಟಕ್ಕೆ
ಹೇಳಿಕೊಟ್ಟರೂ ತಿಳಿಯದು.
"ಐತಪ್ಪಣ್ಣ, ಲೆಕ್ಕ ಒಂದು ನೋಡಿಕೊಳ್ಳಿ ಮಾರಾಯ್ರೆ" ಅಂದರು,
ಹಾಗೆ ಬಂದೆ.

ಲೆಕ್ಕ ಕನ್ನಡದಲ್ಲಿ, ರಸೀದಿ ಮಲಯಾಳದಲ್ಲಿ,
ಜಗಳ ತುಳುವಿನಲ್ಲಿ.
ಕುಣಿತ ಯಾವುದರಲ್ಲಿ ಅಂತ ಬರೆಯಲು
ಪುಸ್ತಕದಲ್ಲಿ ಕಾಲಂ ಇಲ್ಲ.

ಫೆಬ್ರವರಿಯಲ್ಲಿ ಮಪೂಟೊದಿಂದ ನೆಲಿಯಾ ಬಂದಳು.
ನಮ್ಮ ಕಡಲಿಗೆ ಬೆರಳಿಟ್ಟು ನೈಋತ್ಯಕ್ಕೆ ಎಳೆದರೆ
ಉಗುರಿಗೆ ಸಿಗುವ ಊರು.
ಇಪ್ಪತ್ತೊಂದು ದಿನ. ಖರ್ಚು:
ಪ್ಲೈವುಡ್ಡು ಹದಿನೆಂಟು ಹಾಳೆ, ತಿಂಗಳ ಬಾಡಿಗೆಗೆ,
ಸಿಮೆಂಟು ನೆಲ ಮೊಣಕಾಲು ತಿನ್ನುತ್ತದಂತೆ.
ಫ್ಯಾನು ಎರಡು, ಅದರಲ್ಲೊಂದು ರಿಪೇರಿ.
ನಾಲ್ಕನೇ ದಿನ ಅವಳ ಕಾಲಗಂಟು ಊದಿದಾಗ
ಕಡಪ್ಪುರದ ಐಸು, ಅರ್ಧ ಬಾಕ್ಸು.
"ಬಂಗುಡೆ ಎಷ್ಟು ಕಿಲೋ?" ಅಂದ ಖಾದರ್
ಕಾಲಿಗೆ ಅಂದದ್ದಕ್ಕೆ ದುಡ್ಡು ಮುಟ್ಟಲಿಲ್ಲ.
ಅದನ್ನು ಜಮಾ ಕಡೆ ಬರೆದೆ.

ಬಂದ ದಿನ ಕೋಣೆಯ ಚಾವಿ ಕೊಟ್ಟಿದ್ದೆ.
"ಚಾವಿ" ಅಂದೆ, ಅಭ್ಯಾಸಬಲ.
ತಟ್ಟನೆ ತಲೆ ಎತ್ತಿದಳು: "ಶಾವಿ?"
ಜನೇಲಿಗೆ ಕೈ ತೋರಿಸಿದಳು, "ಜನೇಲ."
ತುವಾಲಿಗೆ ತುವಾಲ್ಯ.
ಬಟಾಟೆಗೆ ಬರುವಾಗ ಅಡಿಗೆಯವರೂ ನಗುತ್ತಿದ್ದರು.
"ಈ ಮಾತೆಲ್ಲ ಇಲ್ಲಿಗೆ ಹೇಗೆ ಬಂತು?" ಕೇಳಿದಳು ಮಿಸ್ರಿಯಾ.
ಹಡಗಿನಲ್ಲಿ, ಅಂದೆ. ತೋಪು ಜೊತೆಗಿತ್ತು.
ವೀಸಾ ಯಾರೂ ಕೇಳಲಿಲ್ಲ.

ಅವರಿಬ್ಬರ ಕುಣಿತ ನಾನು ಕಂಡದ್ದು
ಬಾಗಿಲಲ್ಲಿ ನಿಂತು, ಕೈಯಲ್ಲಿ ಕರೆಂಟು ಬಿಲ್ಲು.
ಒಬ್ಬಳು ಬೀಳುತ್ತಾಳೆ. ಇನ್ನೊಬ್ಬಳು ಹಿಡಿಯುವುದಿಲ್ಲ,
ಬೀಳುವ ಜಾಗಕ್ಕೆ ಮೊದಲೇ ಹೋಗಿ ಮಲಗಿರುತ್ತಾಳೆ.
ಇಪ್ಪತ್ತು ನಿಮಿಷ, ಅಷ್ಟೇ.
ನಡುವೆ ಮಂಗಳೂರು ಪ್ಯಾಸೆಂಜರು ಹೋಯಿತು, ಹಲಗೆ ನಡುಗಿತು,
ಆ ನಡುಕವನ್ನೂ ಬಿಡದೆ ಭುಜಕ್ಕೆ ತಗೊಂಡರು.
"ಚಂದ ಉಂಟಾ?" ಹೆಂಡತಿ ಕೇಳಿದಳು. ಗೊತ್ತಿಲ್ಲ ಅಂದೆ.
ಆ ರಾತ್ರಿ ಮಂಚದ ಅಂಚಿನಲ್ಲಿ ಕೂತು
ಸುಮಾರು ಹೊತ್ತು ನೆಲ ನೋಡಿದೆ.

ಆಗಸ್ಟಿನಲ್ಲಿ ಇಬ್ಬರಿಗೂ ಲಿಸ್ಬನ್ನಿನಲ್ಲಿ ವೇದಿಕೆ.
ಮಿಸ್ರ್ ಅಂದರೆ ಈಜಿಪ್ಟು. ಹೆಸರಲ್ಲೇ ಒಂದು ದೇಶ ಹೊತ್ತ ಹುಡುಗಿ
ತಲಪಾಡಿ ದಾಟಿದ್ದು ನಾಲ್ಕು ಸಲವೋ ಐದು ಸಲವೋ.
ಉಮ್ಮ ಬೀಡಿ ಕಟ್ಟಿದ ದುಡ್ಡಲ್ಲಿ ಪಾಸ್‌ಪೋರ್ಟು,
ಬ್ಯಾಂಕಿನ ಪತ್ರ ನಾನೇ ಬರೆಸಿದೆ, ಸೀಲು ಒತ್ತಿಸಿದೆ.
ಊಟ ಅವರದು, ವಸತಿ ಅವರದು, ಟಿಕೇಟು ನಮ್ಮದು.
ಉತ್ತರ ಒಂದೂವರೆ ಸಾಲು:
ಅರ್ಜಿದಾರಳು ಮರಳುತ್ತಾಳೆಂದು ನಂಬಲು ಕಾರಣ ಸಾಲದು.

ಮೂವತ್ತೊಂದು ವರ್ಷ ನಾನೂ ಇದನ್ನೇ ಬರೆದಿದ್ದೇನೆ.
ಹಣ ಮರಳುತ್ತದೆಂದು ನಂಬಲು ಕಾರಣ ಸಾಲದು.
ಎಷ್ಟು ಜನಕ್ಕೋ.
ತಲೆ ಎತ್ತದೆ.

ನೆಲಿಯಾ ಅಲ್ಲಿ ಒಬ್ಬಳೇ ಕುಣಿದಳು. ವಿಡಿಯೋ ಬಂತು.
ಬಿದ್ದಳು, ಕೆಳಗೆ ಬರೀ ನೆಲ. ಮೊಣಕೈ ಕೆಂಪಾಗಿತ್ತು.
ಅದೇ ಕುಣಿತವೆಂದು ಜನ ಚಪ್ಪಾಳೆ ತಟ್ಟಿದರು.
ಇಲ್ಲಿ ಸಂಜೆ ಆರಕ್ಕೆ ಮಿಸ್ರಿಯಾ ಬರುತ್ತಾಳೆ.
ಹಲಗೆಯ ಮೇಲೆ ಬಿಳಿ ಟೇಪಿನ ಗುರುತು ಇನ್ನೂ ಇದೆ,
ಅದರ ಮೇಲೆ ಹೋಗಿ ಮಲಗುತ್ತಾಳೆ.
ಯಾರೂ ಬೀಳುವುದಿಲ್ಲ.
ಎದ್ದು ಮತ್ತೆ ಎಣಿಸುತ್ತಾಳೆ, ಐದರ ತನಕ ಕನ್ನಡ,
ಆಮೇಲೆ ಸೇಶ್, ಸೆತ್, ಓಯ್ತು.

ಮಾರ್ಚಿಗೆ ಆಡಿಟರ್ ಕುಂಞಿಕಣ್ಣನ್ ಕನ್ನಡಕ ಸರಿಮಾಡಿದರು.
"ಬರತಕ್ಕ ಬಾಬ್ತಿನಲ್ಲಿ ಮೊಬಲಗೇ ಇಲ್ಲವಲ್ಲ!
ಮಿಸ್ರಿಯಾ, ಪಯಣ ಒಂದು. ಏನಿದು?"
ಇರಲಿ ಅಂದೆ. ಎದುರು ಪುಟದಲ್ಲಿ,
ಕೊಡತಕ್ಕದ್ದರ ಕೆಳಗೆ, ಅವರ ಮುಂದೆಯೇ ಬರೆದೆ:
ನೆಲಿಯಾ, ಮೊಣಕೈ ಒಂದು.
ಅವರು ಸಹಿ ಹಾಕಿದರು.
ತಾಳೆಯಾಗಿಲ್ಲ.

ಬಡಗಿ ಹಲಗೆ ಬಿಚ್ಚಲು ಬಂದ.
ಇನ್ನೊಂದು ವರ್ಷ ಇರಲಿ ಅಂದೆ.
ಬಾಡಿಗೆ ಯಾವ ಲೆಕ್ಕಕ್ಕೆ, ಅಂದ.
ನನ್ನ ಪೆನ್ಶನ್ನಿನದು ಅಂತ ಹೇಳಲಿಲ್ಲ.
ಆ ಜನೇಲು ಒಂದು ತೆಗಿ, ಸೆಕೆ, ಅಂದೆ.